ಕಾಲದ ಗಡಿ ಎಲ್ಲಿ? ಗುಬ್ಬಿ ಕಂಪನಿಯಿಂದ ‘ಮುಂಗಾರು ಮಳೆ’ಯ ಆಚೆಗೆ

(ದೇವರಾಯನದುರ್ಗದಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)

ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟುವ ಎರಡು ಹೊಳೆಗಳು ಎರಡು ದಿಕ್ಕಿಗೆ ಹರಿಯುತ್ತವೆ. ಶಿಂಷಾ ದಕ್ಷಿಣಕ್ಕೆ ಇಳಿದು ಕಾವೇರಿ ಸೇರುತ್ತದೆ. ಜಯಮಂಗಲಿ ಉತ್ತರಕ್ಕೆ, ಕೊರಟಗೆರೆ, ಮಧುಗಿರಿಯ ಕಡೆ ಹರಿದು ಉತ್ತರ ಪಿನಾಕಿನಿಯನ್ನು ಕೂಡುತ್ತದೆ. ಒಂದೇ ಬೆಟ್ಟ, ಒಂದೇ ಮುಂಗಾರು. ಯಾವ ಹನಿ ಯಾವ ಹೊಳೆಯ ಪಾಲು ಎಂಬುದು ಮಳೆ ಬೀಳುವ ಹೊತ್ತಿಗೆ ಯಾರಿಗೂ ಕಾಣದು. ನೀರು ನಾಲ್ಕಾರು ಮೈಲಿ ಹೋದ ಮೇಲೆ ತಿಳಿಯುತ್ತದೆ. ಜನಪ್ರಿಯ ಸಂಸ್ಕೃತಿಯ ಕಾಲಘಟ್ಟಗಳು ಬೇರ್ಪಡುವುದೂ ಹೀಗೆಯೇ.

‘ಎಪ್ಪತ್ತರ ದಶಕದ ಹಾಡುಗಳು’, ‘ತೊಂಬತ್ತರ ದಶಕದ ಚಿತ್ರಗಳು’ ಎಂಬ ವಿಂಗಡಣೆ ಈಗ ರೇಡಿಯೊ, ಟಿ.ವಿ., ಮೊಬೈಲುಗಳಲ್ಲೆಲ್ಲ ಮಾಮೂಲು. ಹತ್ತು ವರ್ಷಕ್ಕೊಂದು ಕಂತೆ ಕಟ್ಟಿಟ್ಟರೆ ಹುಡುಕುವವರಿಗೆ ಅನುಕೂಲ, ಅದು ನಿಜ. ಆದರೆ ಒಂದೇ ಕಂತೆಯೊಳಗೆ ಏನೇನು ಸೇರಿಕೊಳ್ಳುತ್ತದೆ ನೋಡಬೇಕು. 1971ರ ‘ಕಸ್ತೂರಿ ನಿವಾಸ’ ಕಪ್ಪುಬಿಳುಪಿನ ಚಿತ್ರ; ಅದರಲ್ಲಿ ರಾಜ್‌ಕುಮಾರ್ ಅವರ ತುಟಿಗೆ ದನಿ ಕೊಟ್ಟವರು ಪಿ.ಬಿ. ಶ್ರೀನಿವಾಸ್. 1977ರ ‘ಬಭ್ರುವಾಹನ’ ಬಣ್ಣದ ಚಿತ್ರ. ಅಲ್ಲಿ ಸ್ವತಃ ರಾಜ್‌ಕುಮಾರ್ ಹಾಡಿದ್ದಾರೆ. ನಟ ಒಬ್ಬರೇ, ದಶಕ ಒಂದೇ, ನಡುವೆ ಆರು ವರ್ಷ. ಕಣ್ಣು ಮುಚ್ಚಿ ಕೇಳಿದವರಿಗೂ ಇವೆರಡು ಬೇರೆ ಬೇರೆ ಕಾಲದವು ಎಂದು ಗೊತ್ತಾಗುತ್ತದೆ. ಹಾಗಾದರೆ ಆ ಆರು ವರ್ಷದಲ್ಲಿ ಯಾವುದೋ ಒಂದು ಕಡೆ ಗಡಿ ಬಿದ್ದಿದೆ. ಅದು ಎಲ್ಲಿ, ಏಕೆ ಅಲ್ಲಿ, ತುಮಕೂರು ಸೀಮೆಯಲ್ಲಿ ನಿಂತು ನೋಡಿದರೆ ಅದು ಬೆಂಗಳೂರಿನಲ್ಲಿ ಕಂಡ ಜಾಗದಲ್ಲೇ ಕಾಣುತ್ತದೆಯೇ ಎಂಬುದು ಈ ಉಪನ್ಯಾಸದ ವಿಚಾರ.

ಕಾಲವನ್ನು ಭಾಗ ಮಾಡಲು ಕನ್ನಡಿಗರಲ್ಲಿ ಬೇರೆಯದೇ ರೂಢಿಗಳಿವೆ. ರಂ.ಶ್ರೀ. ಮುಗಳಿಯವರು ಸಾಹಿತ್ಯ ಚರಿತ್ರೆ ಬರೆದಾಗ ಪಂಪಯುಗ, ಬಸವಯುಗ, ಕುಮಾರವ್ಯಾಸಯುಗ ಎಂದು ಹೆಸರಿಟ್ಟರು. ಹೊಸಗನ್ನಡಕ್ಕೆ ಬಂದರೆ ನವೋದಯ, ಪ್ರಗತಿಶೀಲ, ನವ್ಯ, ದಲಿತ-ಬಂಡಾಯ. ಸೊನ್ನೆಯಲ್ಲಿ ಕೊನೆಗೊಳ್ಳುವ ಇಸವಿಯ ಹಂಗು ಯಾವುದಕ್ಕೂ ಇಲ್ಲ. ಈ ಬೆಟ್ಟಕ್ಕೇ ಮೊದಲು ಆನೆಬಿದ್ದಸರಿ ಎಂಬ ಹೆಸರಿತ್ತು. ಪಾಳೆಯಗಾರ ಜಡಕನ ಕಾಲದಲ್ಲಿ ಜಡಕನ ದುರ್ಗವಾಯಿತು. ಮೈಸೂರಿನ ಚಿಕ್ಕದೇವರಾಜ ಒಡೆಯರು ಗೆದ್ದ ಮೇಲೆ ದೇವರಾಯನದುರ್ಗ. ಭೋಗನರಸಿಂಹ, ಯೋಗನರಸಿಂಹರ ಭಕ್ತರಿಗೆ ಇವತ್ತಿಗೂ ಇದು ಕರಿಗಿರಿ. ಆಳಿದವರ ಕಾಲ ಬದಲಾದಾಗ ದಾಖಲೆಯ ಹೆಸರು ಬದಲಾಯಿತು, ಫಾಲ್ಗುಣದ ತೇರಿಗೆ ಬರುವವರ ಬಾಯಲ್ಲಿ ಬೇರೆ ಹೆಸರು ಉಳಿದುಕೊಂಡಿತು.

ಸಾಮಾನ್ಯ ಜನ ಮಾತಾಡುವಾಗ ಎರಡು ಬಗೆಯಲ್ಲಿ ಕಾಲ ಹೇಳುತ್ತಾರೆ. ‘ಅಣ್ಣಾವ್ರ ಕಾಲ’, ‘ಶಂಕರ್‌ನಾಗ್ ಕಾಲ’ ಎಂಬುದು ಒಂದು. ‘ಕಂಪನಿ ನಾಟಕದ ಕಾಲ’, ‘ಟೆಂಟ್ ಕಾಲ’, ‘ಕ್ಯಾಸೆಟ್ ಕಾಲ’ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಪ್ರೀತಿ ಹೆಚ್ಚು, ಎರಡನೆಯದಕ್ಕೆ ನಿಖರತೆ ಹೆಚ್ಚು. 1954ರ ‘ಬೇಡರ ಕಣ್ಣಪ್ಪ’ದಿಂದ 2000ದ ‘ಶಬ್ದವೇಧಿ’ಯವರೆಗೆ ಇನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ರಾಜ್‌ಕುಮಾರ್ ನಟಿಸಿದರು. 1965ರಲ್ಲಿ ಸತ್ಯ ಹರಿಶ್ಚಂದ್ರ, 1968ರಲ್ಲಿ ‘ಜೇಡರ ಬಲೆ’ಯ ಪತ್ತೇದಾರ, 1973ರಲ್ಲಿ ‘ಗಂಧದ ಗುಡಿ’ಯ ಅರಣ್ಯಾಧಿಕಾರಿ, 1983ರಲ್ಲಿ ಕವಿರತ್ನ ಕಾಳಿದಾಸ. ಇಷ್ಟನ್ನೂ ‘ಅಣ್ಣಾವ್ರ ಕಾಲ’ ಎಂದರೆ ಅಭಿಮಾನ ಸರಿ, ಚರಿತ್ರೆ ಸಾಲದು. ಒಬ್ಬ ಮನುಷ್ಯನ ಬಾಳಿನಲ್ಲಿ ಮೂರು ನಾಲ್ಕು ಕಾಲಗಳು ಹಾದುಹೋಗಿವೆ. ಅವುಗಳ ಗಡಿ ಹುಡುಕಬೇಕಾದರೆ ಜನ ಎಲ್ಲಿ ಕೂತು, ಯಾರ ಜೊತೆ ಕೂತು, ಯಾವುದರ ಮೂಲಕ ಕೇಳಿದರು, ನೋಡಿದರು ಎಂಬುದರ ಬೆನ್ನು ಹತ್ತಬೇಕು.

ಹೊರಗಿನ ಚರಿತ್ರೆಕಾರರೂ ಕ್ಯಾಲೆಂಡರಿಗೆ ಜೋತುಬಿದ್ದವರಲ್ಲ. ಅಮೆರಿಕದ ಫ್ರೆಡರಿಕ್ ಲೂಯಿಸ್ ಅಲೆನ್ 1931ರಲ್ಲಿ ‘ಓನ್ಲಿ ಯೆಸ್ಟರ್‌ಡೇ’ ಪ್ರಕಟಿಸಿದಾಗ ಇಪ್ಪತ್ತರ ದಶಕದ ಕತೆಯನ್ನು 1918ರ ಯುದ್ಧವಿರಾಮದಿಂದ ಆರಂಭಿಸಿ 1929ರ ಷೇರುಪೇಟೆ ಕುಸಿತಕ್ಕೆ ತಂದು ನಿಲ್ಲಿಸಿದ. ಎರಿಕ್ ಹಾಬ್ಸ್‌ಬಾಮ್ ಇಪ್ಪತ್ತನೆಯ ಶತಮಾನವನ್ನೇ 1914ರಿಂದ 1991ಕ್ಕೆ ಮೊಟಕು ಮಾಡಿದ. ಯುದ್ಧ, ಕುಸಿತ, ಸಾಮ್ರಾಜ್ಯದ ಅಂತ್ಯ ಅವರ ಗಡಿಕಲ್ಲುಗಳು. ಹಾಡು, ನಾಟಕ, ಸಿನಿಮಾಗಳ ಗಡಿಕಲ್ಲುಗಳು ಬೇರೆ.

ಅಂಥ ಕಲ್ಲುಗಳಲ್ಲಿ ಬಹಳ ಹಳೆಯದು ಇಲ್ಲೇ ಹತ್ತಿರದ ಗುಬ್ಬಿಯಲ್ಲಿದೆ. 1884ರಲ್ಲಿ ಊರಿನ ಕಲಾಸಕ್ತರು ಗೋಸಲ ಚನ್ನಬಸವೇಶ್ವರನ ಹೆಸರಿನಲ್ಲಿ ನಾಟಕ ಸಂಘ ಕಟ್ಟಿದರು. ಬಾಲನಟನಾಗಿ ಅದರೊಳಗೆ ಬಂದ ವೀರಣ್ಣನವರು ಮುಂದೆ ಅದರ ಮಾಲೀಕರಾದರು. ಗುಬ್ಬಿ ಎಂಬ ಊರ ಹೆಸರು ಕರ್ನಾಟಕ, ಆಂಧ್ರ, ತಮಿಳು ಸೀಮೆಗಳಲ್ಲೆಲ್ಲ ನಾಟಕದ ಹೆಸರಾಯಿತು. ‘ಸದಾರಮೆ’ಯ ಕಳ್ಳನ ಪಾತ್ರದಲ್ಲಿ ಅವರನ್ನು ನೋಡಲು ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಬಿ. ಪುಟ್ಟಸ್ವಾಮಯ್ಯನವರು ಬರೆದ ‘ಕುರುಕ್ಷೇತ್ರ’ದಲ್ಲಿ ರಂಗದ ಮೇಲೆ ನಿಜವಾದ ಆನೆ, ಕುದುರೆಗಳೇ ಬಂದವು.

ಆನೆ ಕುದುರೆಗಳು ರಂಗಕ್ಕೆ ಬಂದ ಆ 1930ರ ದಶಕದಲ್ಲೇ ಮಾತಾಡುವ ಚಿತ್ರ ಬಂತು ಎಂಬುದು ಗಮನಿಸಬೇಕಾದ ಸಂಗತಿ. 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ‘ಸತಿ ಸುಲೋಚನ’ ತೆರೆಕಂಡಿತು. ವೈ.ವಿ. ರಾವ್ ನಿರ್ದೇಶಕರು, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ನಾಗೇಂದ್ರರಾಯರು ಮುಖ್ಯ ಪಾತ್ರಗಳಲ್ಲಿ. ಅದಕ್ಕೆ ಮಾತು, ಹಾಡು ಬರೆದವರು ಬೆಳ್ಳಾವೆ ನರಹರಿಶಾಸ್ತ್ರಿಗಳು. ಬೆಳ್ಳಾವಿ ತುಮಕೂರು ತಾಲ್ಲೂಕಿನ ಊರು. ಶಾಸ್ತ್ರಿಗಳು ಗುಬ್ಬಿ ಕಂಪನಿಗೆ ನಾಟಕ ಬರೆದುಕೊಡುತ್ತಿದ್ದವರು. ಕನ್ನಡ ಚಿತ್ರರಂಗದ ಮೊದಲ ಗೀತರಚನಕಾರ ಕಂಪನಿ ನಾಟಕದ ಕವಿಯೇ. ಬಂದ ಮಾತು ನಾಟಕದ ಮಾತೇ, ಧಾಟಿ ರಂಗಗೀತೆಯದೇ. ಮರುವರ್ಷ, 1935ರಲ್ಲಿ, ‘ಸದಾರಮೆ’ಯೂ ಚಿತ್ರವಾಯಿತು, ವೀರಣ್ಣನವರೇ ನಟಿಸಿದರು.

ಹಾಗಾದರೆ 1934 ಕಾಲದ ಗಡಿಯೇ? ಯಂತ್ರದ ಚರಿತ್ರೆಗೆ ಹೌದು. ನೋಡುಗರ ಚರಿತ್ರೆಗೆ ಅಲ್ಲ ಎನ್ನಬೇಕಾಗುತ್ತದೆ. ಅದಾದ ಮೇಲೆ ಇಪ್ಪತ್ತು ವರ್ಷ ನಾಟಕ, ಸಿನಿಮಾ ಎರಡೂ ಒಂದೇ ಮನೆಯ ಮಕ್ಕಳಾಗಿ ಬೆಳೆದವು. ನಟರು ಅವರೇ, ಕತೆಗಳು ಅವೇ, ಬಂಡವಾಳವೂ ಎಷ್ಟೋ ಸಲ ಅದೇ. 1954ರ ‘ಬೇಡರ ಕಣ್ಣಪ್ಪ’ವನ್ನು ಎ.ವಿ.ಎಂ. ಜೊತೆ ಸೇರಿ ತೆಗೆದದ್ದು ಗುಬ್ಬಿಯ ಸಂಸ್ಥೆಯೇ. ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ ಆ ಒಂದು ಚಿತ್ರದಿಂದ ಮೂವರು ಬೆಳಕಿಗೆ ಬಂದರು: ಮುತ್ತುರಾಜ್ ಎಂಬ ಹೆಸರು ಕಳಚಿ ರಾಜ್‌ಕುಮಾರ್ ಆದವರು, ತಿಪಟೂರಿನ ನರಸಿಂಹರಾಜು, ಜಿ.ವಿ. ಅಯ್ಯರ್. ರಾಜ್‌ಕುಮಾರ್ ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ನಟರು. ಮಗ ಅಲ್ಲೇ ಬಣ್ಣ ಹಚ್ಚಿ ಬೆಳೆದವರು. 1954ರಿಂದ ಜನ ಕಂಪನಿಯ ಹೆಸರು ಬಿಟ್ಟು ನಾಯಕನ ಹೆಸರು ಹೇಳಿ ಟಿಕೆಟ್ ಕೊಳ್ಳತೊಡಗಿದರು. 1934ಕ್ಕಿಂತ 1954 ದೊಡ್ಡ ಗಡಿ ಎಂಬ ಮಾತಿಗೆ ಇಷ್ಟು ಸಾಕು.

ಇನ್ನು 1972. ಕನ್ನಡದ ಜನಪ್ರಿಯ ಸಂಸ್ಕೃತಿಯಲ್ಲಿ ಒಂದೇ ವರ್ಷದ ಮೇಲೆ ಬೆರಳಿಟ್ಟು ಇಲ್ಲಿ ಕಾಲ ತಿರುಗಿತು ಎನ್ನಬಹುದಾದರೆ ಅದು ಈ ವರ್ಷವೇ. ಮಾರ್ಚ್ 31ರಂದು ‘ಬಂಗಾರದ ಮನುಷ್ಯ’ ಬಿಡುಗಡೆಯಾಯಿತು. ಟಿ.ಕೆ. ರಾಮರಾಯರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಅಕ್ಟೋಬರ್ 18ರಂದು ಗುಬ್ಬಿ ವೀರಣ್ಣನವರು ತೀರಿಕೊಂಡರು. ಅದೇ ವರ್ಷ ಅವರಿಗೆ ಪದ್ಮಶ್ರೀ ಬಂದಿತ್ತು. ಡಿಸೆಂಬರ್ 29ರಂದು ಪುಟ್ಟಣ್ಣ ಕಣಗಾಲರ ‘ನಾಗರಹಾವು’ ತೆರೆಗೆ ಬಂತು. ತ.ರಾ.ಸು. ಅವರ ರಾಮಾಚಾರಿ ಚಿತ್ರದುರ್ಗದ ಕೋಟೆಯ ಕಲ್ಲುಗಳ ಮೇಲೆ ಎದ್ದು ನಿಂತ. ವಿಷ್ಣುವರ್ಧನ್ ನಾಯಕರಾದರು, ಜಲೀಲನಾಗಿ ಅಂಬರೀಷ್ ಕಾಣಿಸಿಕೊಂಡರು.

ಈ ಮೂರು ಘಟನೆ ಒಂದೇ ವರ್ಷದಲ್ಲಿ ಆದದ್ದು ಕಾಕತಾಳೀಯ. ವೀರಣ್ಣನವರ ಸಾವಿನಿಂದ ರಾಮಾಚಾರಿ ಹುಟ್ಟಲಿಲ್ಲ. ಆದರೆ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೆ ತಿರುವು ಕಾಣುತ್ತದೆ. ‘ಬಂಗಾರದ ಮನುಷ್ಯ’ದ ರಾಜೀವ ಮನೆಯ ಭಾರವನ್ನೆಲ್ಲ ಹೊತ್ತು, ಬಂಡೆ ಒಡೆದು ಹೊಲ ಮಾಡಿ, ಕೊನೆಗೆ ಎಲ್ಲವನ್ನೂ ಬಿಟ್ಟು ಹೊರಟುಹೋಗುವವನು. ತೆರೆಯ ಮುಂದೆ ಅಜ್ಜಿಯಿಂದ ಮೊಮ್ಮಗುವಿನವರೆಗೆ ಇಡೀ ಮನೆ ಕೂತಿತ್ತು. ರಾಮಾಚಾರಿ ಮನೆಗೂ ಊರಿಗೂ ಬಗ್ಗದ ಹುಡುಗ. ಅವನನ್ನು ಮತ್ತೆ ಮತ್ತೆ ನೋಡಿದವರು ಕಾಲೇಜು ಹುಡುಗರು. ಅದುವರೆಗೆ ಕನ್ನಡ ಸಿನಿಮಾ ಮನೆಯವರೆಲ್ಲರನ್ನೂ ಒಟ್ಟಿಗೆ ಕರೆಯುತ್ತಿತ್ತು. ಡಿಸೆಂಬರ್ ಬರುವಷ್ಟರಲ್ಲಿ ಒಂದು ವಯಸ್ಸಿನವರನ್ನು ಬೇರೆಯಾಗಿ ಕರೆದು ಮಾತಾಡಿಸಿತು. ನೋಡುಗರ ಗುಂಪು ಒಡೆದದ್ದು ಅಲ್ಲಿ.

ಎರಡು ವರ್ಷಕ್ಕೆ ದನಿಯೂ ಬದಲಾಯಿತು. 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ಎಮ್ಮೆಯ ಮೇಲೆ ಕೂತು ಸಾಗುವ ನಾಯಕನ ಹಾಡನ್ನು ರಾಜ್‌ಕುಮಾರ್ ತಾವೇ ಹಾಡಿದರು. 1956ರ ‘ಓಹಿಲೇಶ್ವರ’ದಲ್ಲಿ ಅವರು ಒಮ್ಮೆ ಹಾಡಿದ್ದುಂಟು, ಆದರೆ ಅಲ್ಲಿಂದ ಇಲ್ಲಿಯವರೆಗೆ ಅವರ ಹಾಡಿನ ದನಿಯೆಂದರೆ ಪಿ.ಬಿ.ಎಸ್. ಎಂದೇ ನಾಡು ನಂಬಿತ್ತು. 1974ರ ನಂತರ ಮುಖವೂ ಕಂಠವೂ ಒಂದಾದವು. ಇನ್ನೊಂದು ವಿಷಯ: ‘ಸಂಪತ್ತಿಗೆ ಸವಾಲ್’ ಮೂಲದಲ್ಲಿ ಪಿ.ಬಿ. ಧುತ್ತರಗಿಯವರ ನಾಟಕ, ವೃತ್ತಿರಂಗಭೂಮಿಯಲ್ಲಿ ಹೆಸರು ಮಾಡಿದ್ದು. ಹೊಸ ಕಾಲದ ದನಿ ಮೊಳಗಿದ್ದು ಹಳೆಯ ಕಾಲದ ನಾಟಕದೊಳಗಿಂದಲೇ.

ಗುಬ್ಬಿ ಕಂಪನಿಯ ಮಕ್ಕಳು ಇತ್ತ ಬೇರೊಂದು ಕಡೆಗೂ ನಡೆದಿದ್ದರು. ಹುಡುಗನಾಗಿ ಕಂಪನಿ ಸೇರಿದ ಬಿ.ವಿ. ಕಾರಂತರನ್ನು ವೀರಣ್ಣನವರು ಓದಲೆಂದು ಕಾಶಿಗೆ ಕಳಿಸಿದರು. ಅವರು 1975ರಲ್ಲಿ ‘ಚೋಮನ ದುಡಿ’ಗೆ ಸ್ವರ್ಣಕಮಲ ತಂದರು, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ‘ಬೇಡರ ಕಣ್ಣಪ್ಪ’ದ ಜಿ.ವಿ. ಅಯ್ಯರ್ 1975ರಲ್ಲೇ ‘ಹಂಸಗೀತೆ’ ಮಾಡಿದರು. ಒಂದು ಕಾಲ ಮುಗಿಯಿತು ಎಂದರೆ ಅದರ ಮನುಷ್ಯರು ಮುಗಿದರು ಎಂದಲ್ಲ. ಅವರಲ್ಲೇ ಕೆಲವರು ಮುಂದಿನದಕ್ಕೆ ಬಾಗಿಲು ತೆಗೆದುಕೊಟ್ಟಿರುತ್ತಾರೆ, ಮತ್ತು ಹಾಗೆ ತೆಗೆದುಕೊಟ್ಟವರ ಪಟ್ಟಿಯಲ್ಲಿ ಗುಬ್ಬಿಯ ಪಾಲು ದೊಡ್ಡದು. ಈ ಋಣವನ್ನು ಜಿಲ್ಲೆ ಇನ್ನೂ ಪೂರ್ತಿ ಅರಿತಂತಿಲ್ಲ.

ಮುಂದಿನ ಗಡಿ ಕ್ಯಾಸೆಟ್ಟಿನದು. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸ್ವರ ಹಾಕಿದ ‘ನಿತ್ಯೋತ್ಸವ’ ಹೊರಬಂತು. ಕವಿತೆ ಪುಸ್ತಕದಿಂದ ಎದ್ದು ಮನೆಯ ಟೇಪ್‌ರೆಕಾರ್ಡರಿಗೆ ಬಂದದ್ದು ಅಲ್ಲಿಂದ. ಮೇಷ್ಟ್ರುಗಳ ಮನೆ, ಬ್ಯಾಂಕ್ ನೌಕರರ ಮನೆಗಳಲ್ಲಿ ಭಾವಗೀತೆ ದಿನದ ಮಾತಾಯಿತು. ಒಂಬತ್ತು ವರ್ಷದ ಮೇಲೆ, 1987ರಲ್ಲಿ, ರವಿಚಂದ್ರನ್ ಮತ್ತು ಹಂಸಲೇಖರ ‘ಪ್ರೇಮಲೋಕ’ ಅದೇ ಕ್ಯಾಸೆಟ್ಟನ್ನು ಬಸ್ಸು, ಲಾರಿ, ಹೋಟೆಲು, ಗಣೇಶನ ಪೆಂಡಾಲು, ಮದುವೆ ಮನೆಗೆಲ್ಲ ಹೊತ್ತೊಯ್ದಿತು. ಸಿನಿಮಾ ನೋಡದವರಿಗೂ ಹಾಡು ಬಾಯಿಪಾಠ. ಸಿನಿಮಾದಿಂದ ಹಾಡು ಬಿಡಿಯಾಗಿ ನಿಂತು ತಾನೇ ಸರಕಾದದ್ದು ಆಗ. ಉಪಕರಣ 1978ಕ್ಕೇ ಇತ್ತು. ಅದರ ಕಾಲ ಬಂದದ್ದು 1987ಕ್ಕೆ. ಹೊಸ ಸಾಧನ ಕೈಗೆ ಬರುವುದಕ್ಕೂ ಅದು ಬದುಕನ್ನು ಬದಲಿಸುವುದಕ್ಕೂ ನಡುವೆ ಇಂಥ ಕೆಲವು ವರ್ಷದ ಅಂತರ ಮತ್ತೆ ಮತ್ತೆ ಕಾಣುತ್ತದೆ. ಬೆಂಗಳೂರು ದೂರದರ್ಶನ ಕೇಂದ್ರ 1981ರಲ್ಲಿ ಆರಂಭವಾಯಿತು; ಬೀದಿಯ ಮಂದಿಯೆಲ್ಲ ಟಿ.ವಿ. ಇದ್ದವರ ಮನೆಯಲ್ಲಿ ಸೇರುವಂತೆ ಮಾಡಿದ ಭಾನುವಾರದ ‘ರಾಮಾಯಣ’ ಶುರುವಾದದ್ದೂ 1987ರಲ್ಲೇ.

1990ರ ಸೆಪ್ಟೆಂಬರ್ 30ರಂದು ಶಂಕರ್‌ನಾಗ್ ಅಪಘಾತದಲ್ಲಿ ತೀರಿಕೊಂಡರು. ಆ ಸಾವನ್ನು ಒಂದು ಕಾಲದ ಕೊನೆ ಎಂದು ಎಣಿಸುವವರಿದ್ದಾರೆ; ಎದೆಗೆ ಅದು ನಿಜವೇ. ಆದರೆ ನೋಡುಗರ ಗುಂಪು ಮತ್ತೆ ಒಡೆದದ್ದು ಆಮೇಲೆ. 1994ರಲ್ಲಿ ಉದಯ ಟಿ.ವಿ., 1995ರಲ್ಲಿ ‘ಓಂ’, 1998ರಲ್ಲಿ ‘ಎ’ ಚಿತ್ರ ಮತ್ತು ಟಿ.ಎನ್. ಸೀತಾರಾಂ ಅವರ ಧಾರಾವಾಹಿ ‘ಮಾಯಾಮೃಗ’, 2000ದಲ್ಲಿ ಈಟಿವಿ. ಸಂಜೆಯ ಹೊತ್ತು ಹೆಂಗಸರು ಚಿತ್ರಮಂದಿರದಿಂದ ಮನೆಯ ಧಾರಾವಾಹಿಗೆ ಸರಿದರು, ಚಿತ್ರಮಂದಿರ ಗಂಡು ಹುಡುಗರ ಪಾಲಾಯಿತು. ತೆರೆಯ ಮೇಲೆ ಮಚ್ಚು ಲಾಂಗುಗಳು ಹೆಚ್ಚಾದದ್ದಕ್ಕೂ ಈ ಸರಿದಾಟಕ್ಕೂ ನಂಟಿದೆ ಎಂಬುದು ಈ ಉಪನ್ಯಾಸದ ಎಣಿಕೆ.

2006 ಬಂದಾಗ 1972ರ ಚಿತ್ರವೇ ಮರುಕಳಿಸಿದಂತೆ ಕಾಣುತ್ತದೆ. ಏಪ್ರಿಲ್ 12ರಂದು ರಾಜ್‌ಕುಮಾರ್ ನಿಧನರಾದರು. ಡಿಸೆಂಬರ್ 29ರಂದು, ‘ನಾಗರಹಾವು’ ಬಂದು ಸರಿಯಾಗಿ ಮೂವತ್ತನಾಲ್ಕು ವರ್ಷಕ್ಕೆ, ‘ಮುಂಗಾರು ಮಳೆ’ ಬಿಡುಗಡೆಯಾಯಿತು. ನಾಯಕ ಗಣೇಶ್ ಟಿ.ವಿ.ಯ ‘ಕಾಮಿಡಿ ಟೈಮ್’ನಿಂದ ಬಂದವರು. ಸಂಗೀತ ಕೊಟ್ಟ ಮನೋಮೂರ್ತಿ ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು. ಹಾಡು ಬರೆದವರಲ್ಲಿ ಜಯಂತ ಕಾಯ್ಕಿಣಿ ಅಷ್ಟರಲ್ಲಾಗಲೇ ನಾಡು ಮೆಚ್ಚಿದ ಕತೆಗಾರ, ಕವಿ. ನಿರ್ದೇಶಕ ಯೋಗರಾಜ ಭಟ್ಟರ ನಾಯಕ ಮಚ್ಚು ಹಿಡಿಯುವುದಿಲ್ಲ, ಭಾಷಣ ಮಾಡುವುದಿಲ್ಲ. ಮಳೆಯಲ್ಲಿ ನೆನೆಯುತ್ತಾ ತನ್ನ ಪಾಡಿಗೆ ಮಾತಾಡುತ್ತಾನೆ. ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ಚಿತ್ರ ವರ್ಷಕ್ಕೂ ಹೆಚ್ಚು ಕಾಲ ಓಡಿತು. ಕನ್ನಡ ಚಿತ್ರಕ್ಕೆ ಮಾಲಿನ ಪರದೆಯಲ್ಲಿ ಜಾಗವಿದೆಯೇ ಎಂಬ ಅನುಮಾನ ಅಲ್ಲಿಗೆ ಹರಿಯಿತು. ಹಾಡುಗಳು ಮೊಬೈಲಿನ ಕಾಲರ್ ಟ್ಯೂನಾದವು: ಹಾಡು ಆಗ ಒಬ್ಬೊಬ್ಬರ ಗುರುತಾಯಿತು, ಯಾರಿಗಾದರೂ ಫೋನ್ ಮಾಡಿದರೆ ಅವರು ಎಂಥವರೆಂದು ಹಾಡೇ ಹೇಳಿಬಿಡುವಷ್ಟು.

ಇದುವರೆಗಿನ ಗಡಿಗಳು ಬೆಂಗಳೂರಿನಲ್ಲಿ ಕಂಡವು; ತುಮಕೂರು ಸೀಮೆಯಲ್ಲಿ ನಿಂತರೆ ಲೆಕ್ಕ ಬೇರೆ. ಚಿತ್ರೋದ್ಯಮದ ಗಾಂಧಿನಗರದ ಭಾಷೆಯಲ್ಲಿ ಒಂದು ಹಳೆಯ ಲೆಕ್ಕವಿತ್ತು: ಎ ಸೆಂಟರ್, ಬಿ ಸೆಂಟರ್, ಸಿ ಸೆಂಟರ್. ಬೆಂಗಳೂರು, ಮೈಸೂರು ಎ. ತುಮಕೂರಿನಂಥ ಊರು ಅದರ ನಂತರ. ತಾಲ್ಲೂಕು, ಹೋಬಳಿಗಳ ಟೆಂಟುಗಳು ಕಡೆಗೆ. ಚಿತ್ರದ ಪ್ರಿಂಟು ಹಾಕಿಸುವುದು ದುಬಾರಿ, ಹಾಗಾಗಿ ಇದ್ದ ಪ್ರಿಂಟುಗಳೇ ಊರೂರು ಸುತ್ತಬೇಕು. ದೊಡ್ಡ ಊರಿನಲ್ಲಿ ಓಡಿ ಗೀರು ಬಿದ್ದ ರೀಲು ತಗಡಿನ ಡಬ್ಬಗಳಲ್ಲಿ ಬಸ್ಸು ಹತ್ತಿ ಹಳ್ಳಿಗೆ ಬರುವಷ್ಟರಲ್ಲಿ ತಿಂಗಳುಗಳೇನು, ವರ್ಷವೂ ಕಳೆದಿರುತ್ತಿತ್ತು. ಟೆಂಟಿನ ಸ್ಪೀಕರಿನಲ್ಲಿ ಘಂಟಸಾಲರ ವೆಂಕಟೇಶ್ವರ ಸ್ತುತಿ ಕೇಳಿಸಿತೆಂದರೆ ಆಟ ಶುರುವಾಗುವ ಹೊತ್ತು. ಊಟದ ತಟ್ಟೆ ಅಲ್ಲೇ ಬಿಟ್ಟು ಓಡುವುದು. ನೆಲಕ್ಕೆ ಒಂದು ರೇಟು, ಬೆಂಚಿಗೆ ಒಂದು, ಕುರ್ಚಿಗೆ ಒಂದು. ಹೀಗಿರುವಾಗ 1972ರ ಗಡಿ ಗುಬ್ಬಿ ತಾಲ್ಲೂಕಿನ ಹಳ್ಳಿಯಲ್ಲಿ ಬಿದ್ದದ್ದು 1973ರಲ್ಲೋ 1974ರಲ್ಲೋ. ಬೆಂಗಳೂರಿನ ಹುಡುಗ ರಾಮಾಚಾರಿಯಂತೆ ಕೂದಲು ಬಿಡುವಾಗ ಹಳ್ಳಿಯ ಹುಡುಗ ಇನ್ನೂ ರಾಜೀವನ ಹೆಗಲ ಮೇಲಿನ ಟವೆಲ್ಲನ್ನು ಮೆಚ್ಚುತ್ತಿದ್ದ. ಇಬ್ಬರೂ ಒಂದೇ ಇಸವಿಯಲ್ಲಿದ್ದರು, ಒಂದೇ ಕಾಲದಲ್ಲಿ ಇರಲಿಲ್ಲ.

2018ರ ಡಿಸೆಂಬರ್ 21ರಂದು ‘ಕೆ.ಜಿ.ಎಫ್.’ ಐದು ಭಾಷೆಗಳಲ್ಲಿ ಬಿಡುಗಡೆಯಾದಾಗ ಈ ಅಂತರ ಉಳಿದಿರಲಿಲ್ಲ. ಡಿಜಿಟಲ್ ಪ್ರೊಜೆಕ್ಟರು ಬಂದು ರೀಲಿನ ಡಬ್ಬ ಮೂಲೆ ಸೇರಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಅಗ್ಗದ ಡೇಟಾದಿಂದ ಟ್ರೈಲರು ಕುಣಿಗಲ್ಲಿಗೂ ಮುಂಬಯಿಗೂ ಒಂದೇ ಗಳಿಗೆಗೆ ತಲುಪುತ್ತಿತ್ತು. 2022ರ ಸೆಪ್ಟೆಂಬರ್ 30ರಂದು ಕನ್ನಡದಲ್ಲಿ ಬಂದ ‘ಕಾಂತಾರ’ ಕರಾವಳಿಯ ಒಂದು ಮೂಲೆಯ ದೈವದ ಕತೆ. ಕೆಲವೇ ವಾರದಲ್ಲಿ ಅದು ಹಿಂದಿ, ತೆಲುಗು ನಾಡುಗಳ ಕತೆಯೂ ಆಯಿತು. ಕಾಲ ಬದಲಾಗಿದೆ ಎಂಬುದಕ್ಕೆ ಚಿತ್ರದ ಹಣಗಳಿಕೆಗಿಂತ ದೊಡ್ಡ ಸಾಕ್ಷಿ ಈ ಅಂತರ ಅಳಿದದ್ದು. ಬೆಂಗಳೂರಿನಿಂದ ಒಂದು ಹಾಡು ಹೋಬಳಿಗೆ ಬರಲು ಎಷ್ಟು ದಿನ ಹಿಡಿಯುತ್ತಿತ್ತು ಎಂಬುದನ್ನು ಲೆಕ್ಕ ಹಾಕಿದರೆ ಆ ಕಾಲದ ಅಳತೆಯೇ ಸಿಕ್ಕಂತೆ. ಇಂದು ದೇವರಾಯನದುರ್ಗಕ್ಕೆ ಭಾನುವಾರ ಬೈಕಿನಲ್ಲಿ ಬರುವ ಹುಡುಗರು ಮಾಡುವ ರೀಲ್ಸಿಗೆ ಹಾಕಿಕೊಳ್ಳುವ ಹಾಡು ನಿನ್ನೆ ಬಂದದ್ದೂ ಇರಬಹುದು, 1980ರದ್ದೂ ಇರಬಹುದು. ಹಳೆಯ ಚಿತ್ರಗಳೂ ಹೊಸ ವೇಷದಲ್ಲಿ ಮರಳುತ್ತಿವೆ. ಕಪ್ಪುಬಿಳುಪಿನ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ತುಂಬಿಕೊಂಡು ಚಿತ್ರಮಂದಿರಕ್ಕೆ ಬಂತು. ‘ಓಂ’ ಎಷ್ಟು ಸಲ ಮರುಬಿಡುಗಡೆಯಾದರೂ ಜನ ಸೇರುತ್ತಾರೆ. ಎಲ್ಲ ಕಾಲಗಳೂ ಒಂದೇ ಪರದೆಯ ಮೇಲೆ ಕಲೆತಿರುವಾಗ, ಮುಂದಿನ ಗಡಿ ಗುರುತಿಸುವುದು ಈಗಿನ ಮಕ್ಕಳಿಗೆ ಕಷ್ಟದ ಕೆಲಸವಾಗಲಿದೆ.

ಇಷ್ಟೆಲ್ಲ ಗಡಿಗಳ ನಡುವೆ ತುಮಕೂರು ಸೀಮೆ ಒಂದು ವಿಷಯದಲ್ಲಿ ಯಾವ ಗಡಿಗೂ ಬಗ್ಗಿಲ್ಲ. ಹಳ್ಳಿಯ ಪೌರಾಣಿಕ ನಾಟಕ ಇಲ್ಲಿ ಇನ್ನೂ ಜೀವಂತ. ಅದರ ಒಂದು ಕರಪತ್ರವನ್ನು ಕೈಗೆತ್ತಿಕೊಂಡು ನೋಡಬೇಕು. ತೆಳುವಾದ ಹಳದಿ ಅಥವಾ ಗುಲಾಬಿ ಕಾಗದ. ನೆತ್ತಿಯಲ್ಲಿ ಗ್ರಾಮದೇವತೆಯ ಪ್ರಸನ್ನ. ಕೆಳಗೆ ‘ಕುರುಕ್ಷೇತ್ರ ಅಥವಾ ಧರ್ಮರಾಜ್ಯ ಸ್ಥಾಪನೆ’ ಎಂದು ದಪ್ಪ ಅಕ್ಷರ. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳ ಸಾಲು ಮುಗಿದ ಮೇಲೆ ಪಾತ್ರವರ್ಗ: ಕೃಷ್ಣ, ದುರ್ಯೋಧನ, ಕರ್ಣ, ಭೀಮ, ಶಕುನಿ. ಹೆಸರಿನ ಮುಂದೆ ರೈತರು, ಡೈರಿ ಕಾರ್ಯದರ್ಶಿ, ನಿವೃತ್ತ ಶಿಕ್ಷಕರು, ಬಸ್ ಚಾಲಕರು. ಪಾತ್ರ ಬೇಕಾದವರು ಹಣ ಕೊಟ್ಟು ಪಡೆಯುತ್ತಾರೆ. ಕೃಷ್ಣ, ದುರ್ಯೋಧನರ ಪಾತ್ರಕ್ಕೆ ಹೆಚ್ಚು. ಸ್ತ್ರೀಪಾತ್ರಕ್ಕೆ ವೃತ್ತಿ ಕಲಾವಿದೆಯರು ಬರುತ್ತಾರೆ. ಹಾರ್ಮೋನಿಯಂ ಮೇಷ್ಟ್ರ ಹೆಸರು ಪ್ರತ್ಯೇಕ ಸಾಲಿನಲ್ಲಿ, ಗೌರವದಿಂದ. ಕಡೆಗೆ ಡ್ರಾಮಾ ಸೀನ್ಸ್ ಯಾರದು, ಲೈಟ್ಸ್ ಯಾರದು. ತಿಂಗಳುಗಟ್ಟಲೆ ರಾತ್ರಿ ಹೊತ್ತು ತಾಲೀಮು, ಒಂದು ರಾತ್ರಿ ಬೆಳಗಿನವರೆಗೆ ಆಟ.

ಗುಬ್ಬಿ ಕಂಪನಿ ಕಲಿಸಿಹೋದ ನಾಟಕದ ರುಚಿ ಹೀಗೆ ಊರವರ ಕೈಯಲ್ಲಿ ಉಳಿದಿದೆ. ದುಡ್ಡಿನ ದಾರಿ ಮಾತ್ರ ತಿರುಗಿದೆ: ಕಂಪನಿಯ ಕಾಲದಲ್ಲಿ ನೋಡುವವನು ಟಿಕೆಟ್ ಕೊಳ್ಳುತ್ತಿದ್ದ, ಈಗ ಪಾತ್ರ ಮಾಡುವವನು ಹಣ ಹಾಕುತ್ತಾನೆ. ಮಟ್ಟುಗಳಲ್ಲಿ ಬಹುಪಾಲು ಹಳೆಯವೇ; ನಡುನಡುವೆ ಮೇಷ್ಟ್ರು ತಮ್ಮ ಹರೆಯದ ಸಿನಿಮಾ ಧಾಟಿಯೊಂದನ್ನು ಸೇರಿಸುವುದೂ ಉಂಟು, ಮತ್ತು ಆ ಧಾಟಿ ಯಾವ ಇಸವಿಯದೆಂದು ನೋಡಿದರೆ ಮೇಷ್ಟ್ರ ವಯಸ್ಸು ಹೇಳಬಹುದು. ಈಚೆಗೆ ಇಡೀ ರಾತ್ರಿಯ ಆಟ ಯೂಟ್ಯೂಬಿನಲ್ಲಿ ನೇರ ಪ್ರಸಾರವಾಗುತ್ತದೆ. ಬೆಂಗಳೂರಿನಲ್ಲಿ ದುಡಿಯುವ ಮಗ ಅಲ್ಲಿಂದಲೇ ಅಪ್ಪನ ಭೀಮನನ್ನು ನೋಡುತ್ತಾನೆ.

ಹಾಗೆಯೇ ಕುಣಿಗಲ್ ಕೆರೆಯ ಚೆಲುವನ್ನು ಕೊಂಡಾಡುವ ಜನಪದ ಹಾಡು. ಹೊಲಗದ್ದೆಗಳಲ್ಲಿ ಹುಟ್ಟಿದ್ದು ಪಿ. ಕಾಳಿಂಗರಾಯರ ಕಂಠ ಸೇರಿತು, ರೇಡಿಯೊದಲ್ಲಿ ಬಂತು, ಶಾಲಾ ವಾರ್ಷಿಕೋತ್ಸವದ ಕುಣಿತವಾಯಿತು, ಕ್ಯಾಸೆಟ್ಟಿಗೆ ಇಳಿಯಿತು, ಈಗ ಮೊಬೈಲಿನಲ್ಲಿದೆ. ಮೇಲೆ ಹೇಳಿದ ಗಡಿಗಳನ್ನೆಲ್ಲ ದಾಟಿದ ಹಾಡು ಅದು. ಆದರೆ ಪ್ರತಿ ಸಲ ದಾಟಿದಾಗಲೂ ಅದರ ಲಯ, ವಾದ್ಯ, ವೇಗ ಬದಲಾಗಿವೆ. ಯಾವ ಕಾಲದಲ್ಲಿ ಅದನ್ನು ಹೇಗೆ ಹಾಡಿದರು ಎಂಬುದನ್ನು ಒಂದೆಡೆ ಕೂಡಿಸಿ, ಇಸವಿ ಹಚ್ಚಿ ಇಟ್ಟರೆ ಕನ್ನಡದ ಕಿವಿ ಒಂದು ಶತಮಾನದಲ್ಲಿ ಹೇಗೆ ಬದಲಾಯಿತು ಎಂಬುದರ ಚರಿತ್ರೆ ಒಂದೇ ಹಾಡಿನಿಂದ ಬರೆಯಬಹುದು.

ಕೊರತೆ ಇರುವುದು ಇಲ್ಲೇ. ಬೆಂಗಳೂರಿನ ಬಿಡುಗಡೆಯ ದಿನಾಂಕಗಳು ಪುಸ್ತಕಗಳಲ್ಲಿವೆ. ಹಳ್ಳಿಗೆ ಆ ಚಿತ್ರ, ಆ ಹಾಡು, ಆ ಮೊದಲ ಟಿ.ವಿ. ಯಾವಾಗ ಬಂತು ಎಂಬುದನ್ನು ಯಾರೂ ಬರೆದಿಟ್ಟಿಲ್ಲ. ಟೆಂಟಿನ ಮಾಲೀಕರು, ಪ್ರೊಜೆಕ್ಟರ್ ಓಡಿಸಿದವರು, ರೀಲಿನ ಡಬ್ಬ ಹೊತ್ತವರು, ಸೀನ್ಸ್ ಬಾಡಿಗೆಗೆ ಕೊಟ್ಟವರು, ಹಾರ್ಮೋನಿಯಂ ಮೇಷ್ಟ್ರುಗಳು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ಈ ಕೆಲಸ ವಿಶ್ವವಿದ್ಯಾಲಯಗಳಿಗಷ್ಟೇ ಬಿಡುವಂಥದ್ದಲ್ಲ. ಗುಬ್ಬಿ, ಕುಣಿಗಲ್, ತುಮಕೂರು ತಾಲ್ಲೂಕುಗಳಿಂದ ಇಲ್ಲಿ ಸೇರಿರುವ ಸಭಿಕರಲ್ಲಿ ಒಂದು ವಿನಂತಿ: ಮನೆಯ ಅಟ್ಟದಲ್ಲಿ, ಟ್ರಂಕಿನಲ್ಲಿ ಹಳೆಯ ನಾಟಕದ ಕರಪತ್ರ, ಹಾಡಿನ ಪುಸ್ತಕ, ಕ್ಯಾಸೆಟ್, ಟೆಂಟಿನ ಟಿಕೆಟ್ ಸಿಕ್ಕರೆ ಎಸೆಯಬೇಡಿ. ಹಿರಿಯರನ್ನು ಕೇಳಿ ಅದರ ಹಿಂಬದಿಯಲ್ಲಿ ಊರು, ತಿಂಗಳು, ಇಸವಿ ಬರೆಯಿರಿ, ಫೋಟೊ ತೆಗೆದು ಊರಿನ ಶಾಲೆಗೋ ಗ್ರಂಥಾಲಯಕ್ಕೋ ಒಂದು ಪ್ರತಿ ಕೊಡಿ. ಇಸವಿ ನೆನಪಿಲ್ಲದಿದ್ದರೆ ಆ ವರ್ಷ ಕೆರೆ ತುಂಬಿತ್ತೇ, ಮನೆಯಲ್ಲಿ ಯಾರ ಮದುವೆಯಾಯಿತು ಎಂದಾದರೂ ಬರೆಯಿರಿ. ಮಿಕ್ಕಿದ್ದನ್ನು ಮುಂದಿನವರು ಲೆಕ್ಕ ಹಾಕಿಕೊಳ್ಳುತ್ತಾರೆ.